ಪ್ರಕೃತಿ, ಸಂಸ್ಕೃತಿ, ವಿಕೃತಿ

ಪ್ರಕೃತಿ, ಸಂಸ್ಕೃತಿ, ವಿಕೃತಿ ಎಂಬ ಮೂರು ಶಬ್ದಗಳು ‘ಕೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಧಾತು ಒಂದೇ ಆದರೂ ಉಪಸರ್ಗಭೇದದಿಂದ ಅರ್ಥಭೇದವುಂಟಾಗಿದೆ. ಸಹಜವಾಗಿ ಇರುವುದು ಪ್ರಕೃತಿ. ಅದನ್ನು ಮಾನವನು ತಿದ್ದಿ ತೀಡಿ ಹದಗೊಳಿಸಿಕೊಂಡದ್ದು ಸಂಸ್ಕೃತಿ. ಹದ ತಪ್ಪಿದುದು ವಿಕೃತಿ. ಆಯುರ್ವೇದವು ದೇಹದ ಸ್ವಸ್ಥಸ್ಥಿತಿಯನ್ನು ಪ್ರಕೃತಿಯೆಂದೂ ರೋಗಸ್ಥಿತಿಯನ್ನು ವಿಕೃತಿಯೆಂದೂ ಕರೆಯುತ್ತದೆ. ಈ ಎರಡರ ನಡುವೆ ಸಂಸ್ಕೃತಿಗೆ ಇರುವ ಸ್ಥಾನವೇನು? ದೇಹವು ವೈದ್ಯನ ವಿಷಯ, ಸಂಸ್ಕೃತಿಯು ಪಂಡಿತನ ವಿಷಯ ಎಂದು ಎರಡನ್ನೂ ಬೇರೆ ಬೇರೆಯಾಗಿಟ್ಟು ನೋಡುವ ಅಭ್ಯಾಸ ಬೆಳೆದುಬಂದಿದೆ. ರೋಗ ಬಂದಾಗ ಒಬ್ಬರು ರಕ್ತವನ್ನು ಪರೀಕ್ಷಿಸುತ್ತಾರೆ. ಇನ್ನೊಬ್ಬರು ರೋಗಿಯ ಆಚಾರವನ್ನು ಹಳಿಯುತ್ತಾರೆ. ರೋಗದ ಬೇರಾದರೋ ಅನೇಕ ವೇಳೆ ಇವೆರಡೂ ಕೂಡುವ ಸಂದಿಯಲ್ಲಿ ಅಡಗಿರುತ್ತದೆ. ಮೆಕ್ಕೆಜೋಳ, ಅಕ್ಕಿ, ಹಾಲು, ಜೋಳ ಎಂಬ ನಾಲ್ಕು ಆಹಾರಪದಾರ್ಥಗಳ ಚರಿತ್ರೆಯಿಂದ ಈ ಮಾತನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರ ಭಾರತೀಯ ಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯವು ಆಹಾರದ ಹಿತಾಹಿತಗಳನ್ನು ನಿರ್ಣಯಿಸುವ ಎಂಟು ಅಂಶಗಳನ್ನು ಎಣಿಸುತ್ತದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಪದಾರ್ಥದ ಹುಟ್ಟುಗುಣವು ಪ್ರಕೃತಿ. ನೀರು, ಬೆಂಕಿ, ತೊಳೆಯುವಿಕೆ, ಕಡೆಯುವಿಕೆ, ಕಾಲ, ಪಾತ್ರೆ ಮುಂತಾದವುಗಳಿಂದ ಅದಕ್ಕೆ ಮಾಡುವ ಸಂಸ್ಕಾರವು ಕರಣ. ಒಂದು ಪದಾರ್ಥವನ್ನು ಇನ್ನೊಂದರೊಡನೆ ಕೂಡಿಸುವುದು ಸಂಯೋಗ. ಪ್ರಮಾಣವು ರಾಶಿ. ಊಟದ ನಿಯಮವು ಉಪಯೋಗಸಂಸ್ಥೆ. ಉಣ್ಣುವವನೇ ಉಪಯೋಕ್ತೃ. ದೇಶಕಾಲಗಳ ಅರ್ಥ ಸ್ಪಷ್ಟವಾಗಿಯೇ ಇದೆ. ಸಂಸ್ಕಾರದಿಂದ ಪದಾರ್ಥದಲ್ಲಿ ಹೊಸ ಗುಣವೇ ನೆಲೆಗೊಳ್ಳುತ್ತದೆಂಬುದು ಆ ಆಚಾರ್ಯರ ಅಭಿಪ್ರಾಯ. ಇದು ಎಷ್ಟು ನಿಜವೆಂಬುದನ್ನು ಸಾಗರದಾಚೆಯ ಒಂದು ಧಾನ್ಯದ ಕಥೆ ತೋರಿಸಿಕೊಡುತ್ತದೆ.

ಸಂಸ್ಕಾರವನ್ನು ಬಿಟ್ಟುಬಂದ ಧಾನ್ಯ

ಕನ್ನಡನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ ಎಂಬ ಹೆಸರುಗಳಿಂದ ಕರೆಯಲ್ಪಡುವ ಧಾನ್ಯದ ತವರು ಮೆಕ್ಸಿಕೊ ದೇಶ. ಸುಮಾರು ೯,೦೦೦ ವರ್ಷಗಳ ಹಿಂದೆ ಅಲ್ಲಿಯ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಈ ಬೆಳೆಯನ್ನು ಪಡೆದರು. ಅವರು ಒಣಗಿದ ಕಾಳನ್ನು ಹಾಗೆಯೇ ಬೀಸುತ್ತಿರಲಿಲ್ಲ. ಸುಣ್ಣ ಬೆರೆಸಿದ ನೀರಿನಲ್ಲಿ ಕಾಳನ್ನು ಬೇಯಿಸಿ, ರಾತ್ರಿಯೆಲ್ಲ ಅದರಲ್ಲಿಯೇ ನೆನೆಯಬಿಟ್ಟು, ಬೆಳಗಾದ ಮೇಲೆ ತೊಳೆದು, ಸಡಿಲಗೊಂಡ ಹೊಟ್ಟನ್ನು ತೆಗೆದು, ಕಲ್ಲಿನ ಮೇಲೆ ಅರೆದು ರೊಟ್ಟಿ ಮಾಡುತ್ತಿದ್ದರು. ಸುಣ್ಣ ದೊರೆಯದೆಡೆ ಮರದ ಬೂದಿಯ ನೀರನ್ನು ಬಳಸುತ್ತಿದ್ದರು. ಮೂರು ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದುಬಂದ ಈ ಕ್ರಮವನ್ನು ತಾಯಿಯಿಂದ ಮಗಳು ಕಲಿಯುತ್ತಿದ್ದಳು. ಏಕೆಂದು ಕೇಳಿದರೆ, ಹಾಗೆ ಮಾಡಿದರೆ ಕಾಳು ಮೆದುವಾಗುತ್ತದೆ, ರೊಟ್ಟಿ ಬಿರಿಯುವುದಿಲ್ಲ ಎಂದು ಅವಳು ಹೇಳಿರಬಹುದು. ಅದಕ್ಕಿಂತ ದೊಡ್ಡದೊಂದು ಕೆಲಸ ಆ ಸುಣ್ಣದಿಂದ ನಡೆಯುತ್ತಿದ್ದಿತೆಂಬುದು ಇಪ್ಪತ್ತನೆಯ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ.

ಕೊಲಂಬಸನ ಯಾತ್ರೆಗಳ ತರುವಾಯ ಮೆಕ್ಕೆಜೋಳ ಯುರೋಪನ್ನು ಸೇರಿತು. ಕಡಿಮೆ ನೆಲದಲ್ಲಿ ಹೆಚ್ಚು ಬೆಳೆಯುವ ಧಾನ್ಯವಾದುದರಿಂದ ಸ್ಪೇನ್ ಮತ್ತು ಉತ್ತರ ಇಟಲಿಗಳ ಬಡ ರೈತರಿಗೆ ಅದೇ ಅನ್ನವಾಯಿತು. ಬೀಜವೇನೋ ಹಡಗನ್ನೇರಿ ಬಂದಿತು; ಸುಣ್ಣದ ನೀರಿನ ವಿದ್ಯೆ ಅಲ್ಲಿಯೇ ಉಳಿಯಿತು. ಒಣಕಾಳನ್ನೇ ನುಣ್ಣಗೆ ಬೀಸಬಲ್ಲ ಗಿರಣಿಗಳು ಯುರೋಪಿನಲ್ಲಿದ್ದುದರಿಂದ ಕಾಳನ್ನು ಮೆದುಗೊಳಿಸುವ ಅವಶ್ಯಕತೆ ಅಲ್ಲಿಯವರಿಗೆ ತೋರಲಿಲ್ಲ. ೧೭೩೫ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಎಂಬಾತನು ಅಸ್ಟೂರಿಯಾಸ್ ಪ್ರಾಂತದ ಬಡವರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದನು. ಬಿಸಿಲಿಗೆ ಒಡ್ಡಿದ ಕೈಕಾಲುಗಳ ಮತ್ತು ಕತ್ತಿನ ಚರ್ಮ ಕೆಂಪಾಗಿ ಒರಟುಗೊಂಡು ಸುಲಿಯುತ್ತಿದ್ದಿತು. ಅನಂತರ ಭೇದಿ, ಅದರ ಹಿಂದೆಯೇ ಬುದ್ಧಿಭ್ರಮಣೆ, ಕೊನೆಗೆ ಮರಣ. ರೋಗಿಗಳ ಮುಖ್ಯ ಆಹಾರ ಮೆಕ್ಕೆಜೋಳವೆಂಬುದನ್ನೂ ಅವನು ಗಮನಿಸಿದ್ದನು. ೧೭೭೧ರಲ್ಲಿ ಇಟಲಿಯ ವೈದ್ಯ ಫ್ರಾಪೊಲಿ ಇದನ್ನು ‘ಪೆಲಾಗ್ರ’ ಎಂಬ ಹೆಸರಿನಿಂದ ವರ್ಣಿಸಿದನು. ಒರಟು ಚರ್ಮವೆಂದು ಆ ಮಾತಿನ ಅರ್ಥ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ರೋಗ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ೧೯೦೬ರಿಂದ ೧೯೪೦ರವರೆಗೆ ಸುಮಾರು ೩೦ ಲಕ್ಷ ಜನ ಇದಕ್ಕೆ ತುತ್ತಾದರೆಂದೂ ಸುಮಾರು ಒಂದು ಲಕ್ಷ ಜನ ಸತ್ತರೆಂದೂ ಅಂದಾಜಿದೆ. ಇದು ಸೋಂಕುರೋಗವೆಂದು ಹಲವರು ನಂಬಿದರು. ೧೯೧೬ರಲ್ಲಿ ಚಾರ್ಲ್ಸ್ ಡೆವನ್‌ಪೋರ್ಟ್ ಎಂಬ ವಿದ್ವಾಂಸನು ಈ ರೋಗಕ್ಕೆ ಈಡಾಗುವ ಗುಣ ವಂಶಪಾರಂಪರ್ಯವಾಗಿ ಬರುತ್ತದೆಂದು ವಾದಿಸಿದನು. ಒಂದೇ ಮನೆಯಲ್ಲಿ ತಂದೆಗೂ ಮಕ್ಕಳಿಗೂ ರೋಗ ಕಾಣಿಸುತ್ತಿದ್ದುದು ಅವನ ವಾದಕ್ಕೆ ಆಧಾರವಾಗಿದ್ದಿತು. ಒಂದು ಮನೆಯವರು ಒಂದೇ ರಕ್ತವನ್ನು ಹಂಚಿಕೊಂಡಂತೆ ಒಂದೇ ಗಡಿಗೆಯ ಅಂಬಲಿಯನ್ನೂ ಹಂಚಿಕೊಂಡಿರುತ್ತಾರೆ ಎಂಬುದನ್ನು ಆ ವಾದ ಮರೆತಿದ್ದಿತು.

೧೯೧೪ರಲ್ಲಿ ಈ ರೋಗದ ಸಂಶೋಧನೆಗೆ ನಿಯುಕ್ತನಾದ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರನ ಕಣ್ಣಿಗೆ ಒಂದು ಸರಳ ಸಂಗತಿ ಬಿದ್ದಿತು. ಅನಾಥಾಲಯಗಳಲ್ಲಿಯೂ ಮಾನಸಿಕ ರೋಗಿಗಳ ಆಸ್ಪತ್ರೆಗಳಲ್ಲಿಯೂ ಒಳಗಿನವರಿಗೆ ರೋಗ ಬರುತ್ತಿದ್ದಿತೇ ಹೊರತು ಅವರ ಆರೈಕೆ ಮಾಡುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಸೋಂಕಾಗಿದ್ದರೆ ಇಬ್ಬರನ್ನೂ ಹಿಡಿಯಬೇಕಾಗಿದ್ದಿತು. ಇಬ್ಬರ ಊಟ ಮಾತ್ರ ಬೇರೆಯಾಗಿದ್ದಿತು. ಅವನು ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದನು, ರೋಗ ಮಾಯವಾಯಿತು. ೧೯೧೫ರಲ್ಲಿ ಮಿಸಿಸಿಪಿ ಸಂಸ್ಥಾನದ ಸೆರೆಮನೆಯೊಂದರಲ್ಲಿ, ಶಿಕ್ಷೆಯ ಮನ್ನಾವನ್ನು ಬಯಸಿ ಮುಂದೆ ಬಂದ ೧೧ ಮಂದಿ ಕೈದಿಗಳನ್ನು ತಿಂಗಳುಗಟ್ಟಲೆ ಮೆಕ್ಕೆಜೋಳವೇ ಪ್ರಧಾನವಾದ ಬಡ ಆಹಾರದಲ್ಲಿ ಇರಿಸಲಾಯಿತು. ಅವರಲ್ಲಿ ೬ ಮಂದಿಗೆ ಪೆಲಾಗ್ರ ತಲೆದೋರಿತು. ಇಂದಿನ ನೀತಿಗೆ ಒಪ್ಪದ ಪ್ರಯೋಗವಿದು. ಸೋಂಕೆಂಬ ವಾದ ಅಷ್ಟಕ್ಕೂ ನಿಲ್ಲದಿದ್ದಾಗ, ೧೯೧೬ರಲ್ಲಿ ಗೋಲ್ಡ್‌ಬರ್ಗರನೂ ಅವನ ಪತ್ನಿಯೂ ಸಹೋದ್ಯೋಗಿಗಳೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಯಾರಿಗೂ ರೋಗ ಬರಲಿಲ್ಲ.

ಹಾಗಾದರೆ ಬಡವರು ಆ ಊಟವನ್ನೇ ಉಂಡದ್ದೇಕೆ? ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡೆನ್‌ಸ್ಟ್ರಿಕರನೊಡನೆ ಗೋಲ್ಡ್‌ಬರ್ಗರನು ದಕ್ಷಿಣ ಕೆರೊಲಿನದ ಹತ್ತಿಗಿರಣಿ ಗ್ರಾಮಗಳಲ್ಲಿ ಮನೆಮನೆಯ ಆದಾಯವನ್ನೂ ಊಟವನ್ನೂ ಲೆಕ್ಕಹಾಕಿದನು. ಆದಾಯ ಇಳಿದಂತೆ ರೋಗ ಏರುತ್ತಿದ್ದಿತು. ಹತ್ತಿಯ ಬೆಳೆ ಮನೆಯ ಬಾಗಿಲವರೆಗೂ ಬಂದು ಹಿತ್ತಲಿನ ಕಾಯಿಪಲ್ಯಕ್ಕೂ ಹಸುವಿಗೂ ಎಡೆಯಿಲ್ಲದಂತಾಗಿದ್ದಿತು. ಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು, ಇಷ್ಟೇ ಅವರ ಆಹಾರ. ಗೋಲ್ಡ್‌ಬರ್ಗರನು ೧೯೨೯ರಲ್ಲಿ ತೀರಿಕೊಂಡನು. ೧೯೩೭ರಲ್ಲಿ ಕಾನ್ರಾಡ್ ಎಲ್ವೆಹಮ್ ಎಂಬ ವಿಜ್ಞಾನಿ ಕೊರತೆಯ ವಸ್ತು ನಯಾಸಿನ್ ಎಂಬ ಜೀವಸತ್ವವೆಂದು ತೋರಿಸಿದನು.

ಸುಣ್ಣದ ರಹಸ್ಯ ಬಯಲಾದುದು ಆ ಮೇಲೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದೇ ಇದೆ. ಆದರೆ ಅದರ ಬಹುಭಾಗ ಇತರ ವಸ್ತುಗಳೊಡನೆ ಬಿಗಿದುಕೊಂಡಿದ್ದು ಜಠರರಸಕ್ಕೆ ವಶವಾಗುವುದಿಲ್ಲ. ಸುಣ್ಣದ ಕ್ಷಾರವು ಆ ಕಟ್ಟನ್ನು ಬಿಡಿಸುತ್ತದೆ. ಇದಲ್ಲದೆ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಮಾನವದೇಹವು ತಾನೇ ಸ್ವಲ್ಪ ನಯಾಸಿನ್ನನ್ನು ಸಿದ್ಧಪಡಿಸಿಕೊಳ್ಳಬಲ್ಲುದು. ಅದು ಮೆಕ್ಕೆಜೋಳದಲ್ಲಿ ಕಡಿಮೆ; ಮೆಕ್ಸಿಕೊದವರು ರೊಟ್ಟಿಯೊಡನೆ ತಿನ್ನುವ ಹುರುಳಿ, ಅವರೆಗಳಂಥ ಕಾಳುಗಳಲ್ಲಿ ಅದಕ್ಕಿಂತ ಹೆಚ್ಚು. ಕರಣವೂ ಸಂಯೋಗವೂ ಕೂಡಿ ಪ್ರಕೃತಿಯ ಕೊರತೆಯನ್ನು ತುಂಬಿಕೊಟ್ಟಿದ್ದವು. ಆ ಎರಡನ್ನೂ ಬಿಟ್ಟು ಧಾನ್ಯವನ್ನು ಮಾತ್ರ ತಂದುಕೊಂಡವರು ಇನ್ನೂರು ವರ್ಷಗಳ ಕಾಲ ಅದರ ಬೆಲೆಯನ್ನು ತೆತ್ತರು.

ಅಕ್ಕಿಯ ಬಿಳುಪು

ಸಂಸ್ಕಾರವಿಲ್ಲದೆ ಬಂದ ಕೇಡು ಇದಾದರೆ, ಅತಿಸಂಸ್ಕಾರದಿಂದ ಬಂದ ಕೇಡು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಗಿಯಂತ್ರದ ಅಕ್ಕಿಗಿರಣಿಗಳು ಪೂರ್ವದೇಶಗಳಲ್ಲಿ ಹರಡಿದವು. ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ಉಳಿಯುತ್ತಿದ್ದ ತವುಡಿನ ಪದರವನ್ನು ಯಂತ್ರವು ಪೂರ್ತಿಯಾಗಿ ಸವೆಸಿಬಿಡುತ್ತಿದ್ದಿತು. ಮಲ್ಲಿಗೆಯಂತೆ ಬಿಳುಪಾದ ಅನ್ನ ಸಿರಿವಂತಿಕೆಯ ಗುರುತಾಯಿತು. ಅದರೊಡನೆ ಬೆರಿಬೆರಿ ಎಂಬ ರೋಗವೂ ಹೆಚ್ಚಿತು. ಕಾಲು ಸೋತು, ಮೈ ಊದಿಕೊಂಡು, ಹೃದಯ ದುರ್ಬಲವಾಗಿ ಜನ ಸಾಯತೊಡಗಿದರು.

ಜಾವಾ ದ್ವೀಪದಲ್ಲಿ ಈ ರೋಗವನ್ನು ಅಭ್ಯಸಿಸುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್‌ನ ಕೋಳಿಗಳಿಗೆ ಒಮ್ಮೆ ಅದೇ ಬಗೆಯ ಕಾಲುಸೋಲುವ ರೋಗ ಬಂದಿತು; ಕೆಲವು ತಿಂಗಳ ಮೇಲೆ ತಾನಾಗಿ ವಾಸಿಯಾಯಿತು. ವಿಚಾರಿಸಲಾಗಿ, ಸೈನಿಕ ಆಸ್ಪತ್ರೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಹೊರಗಿನ ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿದನೆಂದೂ ತಿಳಿಯಿತು. ಆ ಬಳಿಕ ೧೮೯೬-೯೭ರಲ್ಲಿ ವಾರ್ಡರ್‌ಮನ್ ಎಂಬ ಅಧಿಕಾರಿ ಜಾವಾದ ಸೆರೆಮನೆಗಳನ್ನು ಪರಿಶೀಲಿಸಿದನು. ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಸೆರೆಮನೆಗಳಲ್ಲಿ ಸುಮಾರು ೩೯ ಕೈದಿಗಳಿಗೆ ಒಬ್ಬನಂತೆಯೂ, ತವುಡುಳ್ಳ ಅಕ್ಕಿಯ ಸೆರೆಮನೆಗಳಲ್ಲಿ ಸುಮಾರು ೧೦,೦೦೦ಕ್ಕೆ ಒಬ್ಬನಂತೆಯೂ ರೋಗ ಕಂಡುಬಂದಿತು. ತವುಡಿನಲ್ಲಿ ಅಡಗಿದ್ದ ಜೀವಸತ್ವವೇ ಥಯಮಿನ್. ಐಕ್‌ಮನ್‌ಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ದಕ್ಷಿಣ ಭಾರತದವರಿಗೆ ಸಂಬಂಧಿಸಿದ ಒಂದು ಸಂಗತಿ ಸ್ಮರಣೀಯ. ಮಲಯದೇಶದಲ್ಲಿ ಚೀನೀ ಗಣಿಕೆಲಸಗಾರರು ಬೆರಿಬೆರಿಯಿಂದ ಸಾಯುತ್ತಿದ್ದಾಗ ಅಲ್ಲಿಯೇ ದುಡಿಯುತ್ತಿದ್ದ ತಮಿಳು ಕೂಲಿಗಳಿಗೆ ಆ ರೋಗ ಬರುತ್ತಿರಲಿಲ್ಲ. ಹವೆ ಒಂದೇ, ಬಡತನವೂ ಒಂದೇ. ಬ್ರಾಡನ್ ಎಂಬ ವೈದ್ಯನು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಕಾರಣವನ್ನು ಅಕ್ಕಿಯಲ್ಲಿಯೇ ಗುರುತಿಸಿದನು. ತಮಿಳರು ಉಣ್ಣುತ್ತಿದ್ದುದು ಬೇಯಿಸಿ ಒಣಗಿಸಿದ ಭತ್ತದ ಅಕ್ಕಿ. ಕನ್ನಡ ಕರಾವಳಿಯವರು ಕುಚ್ಚಲಕ್ಕಿ ಎನ್ನುವುದು ಇದನ್ನೇ. ಭತ್ತವನ್ನು ನೆನೆಸಿ ಬೇಯಿಸಿದಾಗ ತವುಡಿನ ಜೀವಸತ್ವ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಮೇಲಿನ ಪದರ ಹೋದರೂ ಸತ್ವದ ಒಂದು ಭಾಗ ಒಳಗೆ ಉಳಿಯುತ್ತದೆ. ಗಂಜಿಯನ್ನು ಚೆಲ್ಲದೆ ಉಣ್ಣುವ ಕರಾವಳಿಯ ಪದ್ಧತಿ ಇದಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿದೆ. ಕುಚ್ಚಲಕ್ಕಿಯನ್ನು ಕಂಡು ಮುಖ ಸಿಂಡರಿಸುವವರು ಇದನ್ನು ನೆನೆಯುವುದು ಒಳ್ಳೆಯದು.

ಉಣ್ಣುವವನ ದೇಹ

ಮೇಲಿನ ಎರಡು ನಿದರ್ಶನಗಳಲ್ಲಿ ಆಚಾರವು ಧಾನ್ಯವನ್ನು ಬದಲಿಸಿತು. ಆಚಾರವು ಉಣ್ಣುವವನ ದೇಹವನ್ನೇ ಬದಲಿಸಿದ್ದೂ ಉಂಟು. ಶಿಶುಗಳೆಲ್ಲರ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವವಿರುತ್ತದೆ. ಮೊಲೆ ಬಿಟ್ಟ ಬಳಿಕ ಬಹುಮಂದಿಯಲ್ಲಿ ಅದು ಕ್ರಮೇಣ ಕ್ಷೀಣಿಸುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದೇ. ಅವರು ಹಸಿಹಾಲನ್ನಾಗಲಿ ಕಾಯಿಸಿದ ಹಾಲನ್ನಾಗಲಿ ಹೆಚ್ಚಾಗಿ ಕುಡಿದರೆ ಹೊಟ್ಟೆಯುಬ್ಬರ, ಗುಡುಗುಡು, ಭೇದಿಗಳು ಉಂಟಾಗಬಹುದು. ಸಾವಿರಾರು ವರ್ಷ ಪಶುಪಾಲನೆಯನ್ನೇ ನಂಬಿದ ಕೆಲವು ಜನಾಂಗಗಳಲ್ಲಿ ಮಾತ್ರ ಈ ಕಿಣ್ವ ಜೀವಮಾನವಿಡೀ ಉಳಿಯುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯೊಂದನ್ನು ೨೦೦೨ರಲ್ಲಿ ಫಿನ್ಲೆಂಡಿನ ಕುಟುಂಬಗಳಲ್ಲಿ ಗುರುತಿಸಲಾಯಿತು. ಪೂರ್ವ ಆಫ್ರಿಕದ ಪಶುಪಾಲಕರಲ್ಲಿ ಬೇರೆಯೇ ಬದಲಾವಣೆಗಳು ಇದೇ ಫಲವನ್ನು ಕೊಟ್ಟಿವೆಯೆಂದು ೨೦೦೭ರಲ್ಲಿ ತಿಳಿದುಬಂದಿತು. ದೂರದೂರದ ಎರಡು ಜನಾಂಗಗಳು ಒಂದೇ ಬಗೆಯ ಬಾಳನ್ನು ಬಾಳಿದುದರಿಂದ ಅವರ ದೇಹಗಳು ಬೇರೆ ಬೇರೆ ದಾರಿಗಳಿಂದ ಒಂದೇ ಗುಣವನ್ನು ಮುಟ್ಟಿದವು.

ಭಾರತದಲ್ಲಿ ಈ ಗುಣ ವಾಯವ್ಯ ಭಾಗದಲ್ಲಿ ಹೆಚ್ಚು. ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಆದರೂ ಹೈನವನ್ನು ದಕ್ಷಿಣದವರು ತೊರೆಯಲಿಲ್ಲ. ಹಾಲಿಗೆ ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದಂಶವನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಮೊಸರಿನಲ್ಲಿರುವ ಆ ಜೀವಿಗಳು ಉಳಿದ ಸಕ್ಕರೆಯ ಪಚನಕ್ಕೂ ನೆರವಾಗುತ್ತವೆ. ಹಾಲು ಒಗ್ಗದವನಿಗೂ ಮಜ್ಜಿಗೆ ಒಗ್ಗುವುದು ಇದರಿಂದ. ದೇಹವು ಬದಲಾಗದೆಡೆಯಲ್ಲಿ ಅಡುಗೆಮನೆಯೇ ಆ ಕೆಲಸವನ್ನು ಮಾಡಿಕೊಟ್ಟಿತೆನ್ನಬಹುದು. ಹಾಲು ಕುಡಿದರೆ ಹೊಟ್ಟೆ ನೋಯುತ್ತದೆ ಎನ್ನುವ ವಿದ್ಯಾರ್ಥಿಯನ್ನು ಹಟಮಾರಿಯೆಂದು ಗದರಿಸುವ ಮುನ್ನ ಶಿಕ್ಷಕರೂ ವಸತಿನಿಲಯದ ಪಾಲಕರೂ ಇದನ್ನು ಮನದಲ್ಲಿಟ್ಟುಕೊಳ್ಳಬೇಕು. ಆ ಬಾಲಕನಿಗೆ ಮೊಸರನ್ನೋ ಮಜ್ಜಿಗೆಯನ್ನೋ ಕೊಟ್ಟರೆ ಪೋಷಣೆಯೂ ತಪ್ಪದು, ನೋವೂ ಬಾರದು.

ಜೋಳದ ನಾಡಿನಲ್ಲಿ

ಪರದೇಶದವರ ಅವಿವೇಕವನ್ನು ಎಣಿಸಿ, ಸ್ವದೇಶದ ಆಚಾರವೆಲ್ಲ ಅಮೃತವೆಂದು ಸಮಾಧಾನಪಡುವುದು ವಿಚಾರವಂತರ ಲಕ್ಷಣವಲ್ಲ. ಪೆಲಾಗ್ರ ರೋಗ ದಖ್ಖನ್ ಪ್ರಸ್ಥಭೂಮಿಯಲ್ಲಿಯೂ ಇದ್ದಿತು. ಅದೂ ಮೆಕ್ಕೆಜೋಳವನ್ನಲ್ಲ, ಜೋಳವನ್ನು ಉಣ್ಣುವ ಬಡವರಲ್ಲಿ. ಹೈದರಾಬಾದಿನ ಪೋಷಣಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ೧೯೬೦ರಲ್ಲಿ ಈ ಸಂಗತಿಯನ್ನು ವಿದ್ವಲ್ಲೋಕದ ಮುಂದಿಟ್ಟರು. ಜೋಳದಲ್ಲಿ ಟ್ರಿಪ್ಟೊಫ್ಯಾನ್ ಮೆಕ್ಕೆಜೋಳದಲ್ಲಿರುವಷ್ಟು ಕಡಿಮೆಯಿಲ್ಲ. ಆದರೂ ರೋಗ ಬರಲು ಕಾರಣವೇನು? ಜೋಳದಲ್ಲಿ ಲ್ಯೂಸೀನ್ ಎಂಬ ಇನ್ನೊಂದು ಅಮೈನೊ ಆಮ್ಲ ವಿಪುಲವಾಗಿದ್ದು, ಅದು ದೇಹವು ನಯಾಸಿನ್ನನ್ನು ಸಿದ್ಧಪಡಿಸಿ ಬಳಸುವ ಕ್ರಿಯೆಗೆ ಅಡ್ಡಿ ಮಾಡುತ್ತದೆಂದು ಅವರು ಪ್ರತಿಪಾದಿಸಿದರು. ಈ ವಿವರಣೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಜೋಳವೊಂದನ್ನೇ ನೆಮ್ಮಿದ ಬಡ ಕೂಲಿಕಾರರಲ್ಲಿ ರೋಗ ಕಂಡಿತೆಂಬುದು ಮಾತ್ರ ನಿರ್ವಿವಾದ.

ಉತ್ತರ ಕರ್ನಾಟಕದ ಸಂಪನ್ನ ಮನೆಯ ತಟ್ಟೆಯಲ್ಲಿ ಜೋಳದ ರೊಟ್ಟಿ ಎಂದೂ ಒಂಟಿಯಾಗಿ ಇರುವುದಿಲ್ಲ. ತೊಗರಿಬೇಳೆಯ ಸಾರು, ಹೆಸರುಕಾಳಿನ ಅಥವಾ ಮಡಕೆಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮೊಸರು ಅದರ ಸುತ್ತ ಇರುತ್ತವೆ. ಶೇಂಗಾದಲ್ಲಿ ನಯಾಸಿನ್ ಹೇರಳವಾಗಿದೆ. ಬೇಳೆಕಾಳುಗಳಿಂದಲೂ ಮೊಸರಿನಿಂದಲೂ ಟ್ರಿಪ್ಟೊಫ್ಯಾನ್ ದೊರೆಯುತ್ತದೆ. ಇದು ಚರಕನು ಹೇಳಿದ ಸಂಯೋಗ. ಹೊಲದಲ್ಲಿ ದುಡಿಯುವ ಭೂಹೀನನ ಬುತ್ತಿಯಲ್ಲಿ ಎಷ್ಟೋ ಕಾಲ ಇದ್ದುದು ರೊಟ್ಟಿ, ಖಾರ, ಉಳ್ಳಾಗಡ್ಡಿ. ಧಾನ್ಯ ಅದೇ, ರೊಟ್ಟಿ ಬಡಿಯುವ ಕೈಯ ಚಾತುರ್ಯವೂ ಅದೇ. ಒಬ್ಬನಿಗೆ ಅದು ಬಲವಾಯಿತು, ಇನ್ನೊಬ್ಬನಿಗೆ ರೋಗವಾಯಿತು. ಒಂದು ನಾಡಿನ ಆಹಾರಸಂಸ್ಕೃತಿ ಎಷ್ಟೇ ಶ್ರೇಷ್ಠವಾಗಿರಲಿ, ಅದರ ಪೂರ್ಣರೂಪ ಬಡವನ ತಟ್ಟೆಯನ್ನು ಮುಟ್ಟದಿದ್ದರೆ ಅದರ ರಕ್ಷಣೆಯೂ ಅವನನ್ನು ಮುಟ್ಟುವುದಿಲ್ಲ. ಕಾಲ ಬದಲಾಗಿ ಆಹಾರದಲ್ಲಿ ವೈವಿಧ್ಯ ಬಂದಂತೆ ಈ ರೋಗ ವಿರಳವಾಗಿದೆ. ಈಗ ಬೇರೆ ಬಗೆಯ ವಿಕೃತಿ ಎದುರಾಗಿದೆ. ಜೋಳ, ರಾಗಿ, ನವಣೆಗಳ ಸ್ಥಾನವನ್ನು ಬಹುಮಟ್ಟಿಗೆ ಬಿಳಿಯ ಅಕ್ಕಿ ಆಕ್ರಮಿಸಿದೆ. ಮೈಮುರಿದು ದುಡಿಯುವ ಅಭ್ಯಾಸ ತಗ್ಗಿದೆ. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜುಮಾಡಿದೆ. ಇಲ್ಲಿಯೂ ಹುಟ್ಟುಗುಣ, ಊಟ, ದುಡಿಮೆ ಮೂರೂ ಹೆಣೆದುಕೊಂಡಿವೆ.

ದಾಸೋಹದ ತಟ್ಟೆ

ಇಷ್ಟರಿಂದ ಹೊರಡುವ ತಾತ್ಪರ್ಯ ಎರಡು. ಪರಂಪರೆಯಿಂದ ಬಂದ ಕ್ರಮವೊಂದನ್ನು ಅರ್ಥವಾಗಲಿಲ್ಲವೆಂದು ಕೈಬಿಡುವ ಮೊದಲು ಅದು ಮೌನವಾಗಿ ಯಾವ ಕೆಲಸ ಮಾಡುತ್ತಿದೆಯೆಂದು ವಿಚಾರಿಸಬೇಕು. ಹಾಗೆಯೇ, ಹಿರಿಯರಿಂದ ಬಂದುದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಪ್ರಶ್ನಿಸದೆ ಇರಬಾರದು. ತಟ್ಟೆಯಿಂದ ತಟ್ಟೆಗೆ ಅದು ಹೇಗೆ ಬದಲಾಗಿದೆಯೆಂದು ನೋಡಬೇಕು. ಮೊದಲನೆಯದನ್ನು ಮರೆತು ಯುರೋಪಿನ ರೈತರು ಕೆಟ್ಟರು. ಎರಡನೆಯದನ್ನು ಮರೆತರೆ ಜೋಳದ ನಾಡಿನ ಬಡವರು ಕಣ್ಣಿಗೆ ಬೀಳುವುದಿಲ್ಲ.

ರೋಗಿಯ ಕುಲವನ್ನು ದೂರುವ ಪ್ರವೃತ್ತಿಗೂ ಪೆಲಾಗ್ರದ ಕಥೆಯಲ್ಲಿ ಉತ್ತರವಿದೆ. ಬಡತನದಿಂದ ಬಂದುದನ್ನು ಹುಟ್ಟಿನಿಂದ ಬಂದುದೆಂದು ಪಂಡಿತರೇ ವಾದಿಸಿದರು. ಒಂದು ಬಟ್ಟಲು ಹಾಲು, ಒಂದು ಹಿಡಿ ಕಾಳು ಆ ವಾದವನ್ನು ಸುಳ್ಳು ಮಾಡಿದವು. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿನ ಮೇಲುಕೀಳುಗಳನ್ನು ನಿರಾಕರಿಸಿ, ಕಾಯಕದಿಂದ ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದ ಬಸವಾದಿ ಶರಣರ ನಾಡಿನವರಿಗೆ ಇದು ಬೇಗ ಅರ್ಥವಾಗಬೇಕಾದ ಮಾತು. ಕರ್ನಾಟಕ ಸರ್ಕಾರವು ೨೦೦೨ರಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಅಕ್ಷರಕ್ಕೂ ಅನ್ನಕ್ಕೂ ಇರುವ ನಂಟನ್ನು ಮಠದ ಶಾಲೆಗಳು ಅದಕ್ಕೆ ಬಹಳ ಮೊದಲೇ ಬಲ್ಲವು.

ಮಠದ ಕಣಜಕ್ಕೆ ಧಾನ್ಯದ ಚೀಲವನ್ನು ಭಕ್ತಿಯಿಂದ ಹೊತ್ತು ತರುವ ದಾನಿಗಳು ಧನ್ಯರು. ಆ ಚೀಲದೊಡನೆ ಒಂದು ಸೇರು ತೊಗರಿಬೇಳೆಯನ್ನೂ, ಒಂದು ಬುಟ್ಟಿ ಸೊಪ್ಪನ್ನೂ, ಒಂದಿಷ್ಟು ಶೇಂಗಾವನ್ನೂ, ಒಂದು ಗಡಿಗೆ ಮೊಸರನ್ನೂ ತಂದರೆ ದಾಸೋಹ ಪೂರ್ಣವಾಗುತ್ತದೆ. ಪಂಕ್ತಿಯಲ್ಲಿ ಕುಳಿತ ಬಾಲಕರಲ್ಲಿ ಮನೆಯಲ್ಲಿ ಒಣರೊಟ್ಟಿಯನ್ನಷ್ಟೇ ಕಂಡು ಬಂದವರೂ ಇರುತ್ತಾರೆ. ಅವರ ತಟ್ಟೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಏನು ಬೀಳುತ್ತದೆ ಎಂಬುದನ್ನು ಅವಲಂಬಿಸಿ ಅವರ ಮೈಯೂ ಅವರ ಓದೂ ಬೆಳೆಯುತ್ತವೆ.